ಸಂಕೋಚಕ್ಕೆ ಜಂಬವೆಂಬ ಹೆಸರು ಬಂದಾಗ

(ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನವರಾದ, ಈಗ ಬೆಂಗಳೂರಿನ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿರುವ 26 ವರ್ಷದ ಓದುಗರೊಬ್ಬರು ಎಂಟು ಪುಟಗಳ ಪತ್ರ ಬರೆದಿದ್ದಾರೆ. ನಾಲ್ಕು ಜನ ಸೇರಿದಲ್ಲಿ ಬಾಯಿ ಕಟ್ಟುತ್ತದೆ, ಮಧ್ಯಾಹ್ನ ಒಬ್ಬನೇ ಕುಳಿತು ಉಣ್ಣುತ್ತೇನೆ, ಫೋನ್ ಎತ್ತಲು ಅಳುಕು, ಆಡಿದ ಎರಡು ಮಾತನ್ನೂ ರಾತ್ರಿಯೆಲ್ಲ ನೆನೆದು ಮುಜುಗರಪಡುತ್ತೇನೆ ಎಂದಿದ್ದಾರೆ. 'ನನ್ನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಮಾತುಗಾರನಾಗಲು ಏನು ಮಾಡಬೇಕು?' ಎಂಬುದು ಅವರ ಪ್ರಶ್ನೆ. ಹೆಸರು ಪ್ರಕಟಿಸಬಾರದೆಂದು ಕೋರಿದ್ದಾರೆ.)

ಪ್ರಿಯ ಓದುಗರೇ,

'ನಿಮ್ಮ ಸಮಯ ಹಾಳು ಮಾಡುತ್ತಿದ್ದೇನೆ, ಕ್ಷಮಿಸಿ' ಎಂಬ ಮಾತು ನಿಮ್ಮ ಪತ್ರದಲ್ಲಿ ಮೂರು ಕಡೆ ಬಂದಿದೆ. ಪತ್ರ ಓದುವುದು ನನ್ನ ಕೆಲಸ, ಅದಕ್ಕೆ ಸಂಬಳವನ್ನೂ ಕೊಡುತ್ತಾರೆ. ಆದ್ದರಿಂದ ಆ ಮೂರೂ ಸಾಲುಗಳನ್ನು ಹೊಡೆದುಹಾಕಿ ಉಳಿದದ್ದನ್ನು ಓದಿದೆ. ಐದನೆಯ ಪುಟಕ್ಕೆ ಬಂದಾಗ ಪೆನ್ಸಿಲ್ ಕೈಗೆತ್ತಿಕೊಂಡೆ. ಪಕ್ಕದ ಮೇಜಿನವರು ಇನ್ನೊಬ್ಬರ ಬಳಿ 'ಅವನಿಗೆ ಸ್ವಲ್ಪ ಜಂಬ' ಎಂದದ್ದು ನಿಮ್ಮ ಕಿವಿಗೆ ಬಿತ್ತು. ಹೆದರಿ ಸಾಯುವವನಿಗೆ ಜಂಬವೆಲ್ಲಿಂದ ಬರಬೇಕು ಎಂದು ಅಂದು ರಾತ್ರಿಯೆಲ್ಲ ನಿದ್ದೆಗೆಟ್ಟಿರಿ. ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೂ ನಾನು ಒಂದು ಗಳಿಗೆ ಅವರ ಕಡೆಗೆ ನಿಂತು ಮಾತನಾಡುತ್ತೇನೆ.

ಅದಕ್ಕೆ ಎರಡು ದಿನ ಮುಂಚೆ ನಡೆದದ್ದನ್ನು ನೀವೇ ಬರೆದಿದ್ದೀರಿ. ಊಟದ ಹೊತ್ತಿನಲ್ಲಿ ಅವರು ತಮ್ಮ ಡಬ್ಬಿ ಹಿಡಿದು ನಿಮ್ಮೆದುರು ಬಂದು ಕುಳಿತರು. 'ನಿಮ್ಮದು ಯಾವ ಊರು?' ಎಂದರು. 'ಹಿರೇಕೆರೂರು ಕಡೆ' ಎಂದಿರಿ. 'ಓಹೋ, ನಾನು ದಾವಣಗೆರೆ. ಹಾಗಾದರೆ ಹತ್ತಿರದವರೇ ಆದೆವು' ಎಂದರು. ನೀವು ನಕ್ಕಿರಿ, ಆಮೇಲೆ ಮೊಬೈಲ್ ತೆಗೆದು ನೋಡತೊಡಗಿದಿರಿ. ಅವರು ಎರಡು ತುತ್ತು ತಿಂದು, ಇನ್ನೊಂದು ಮೇಜಿನವರ ಜೊತೆ ಮಾತಿಗೆ ತಿರುಗಿದರು.

ಆ ಹೊತ್ತಿನಲ್ಲಿ ನಿಮ್ಮೊಳಗೆ ಏನು ನಡೆಯುತ್ತಿತ್ತು ಎಂಬುದಕ್ಕೆ ಒಂದು ಪುಟವನ್ನೇ ಮೀಸಲಿಟ್ಟಿದ್ದೀರಿ. ಧ್ವನಿ ನಡುಗಿತೇ? ಡಬ್ಬಿಯಲ್ಲಿರುವ ಒಣಗಿದ ರೊಟ್ಟಿ ನೋಡಿ ಹಳ್ಳಿಯವನೆಂದುಕೊಂಡರೇ? ಈಗ ಏನಾದರೂ ಹೇಳಬೇಕು, ಏನು ಹೇಳಲಿ, ಅದನ್ನು ಹೇಗೆ ಹೇಳಲಿ? ಇಷ್ಟು ಗದ್ದಲದ ನಡುವೆ ಎದುರಿನ ಮನುಷ್ಯನಿಗೆ ಜಾಗವೇ ಇರಲಿಲ್ಲ. ಅವರಿಗೆ ಈ ಗದ್ದಲ ಕೇಳಿಸುವುದೂ ಇಲ್ಲ. ಅವರು ಕಂಡದ್ದು ಇಷ್ಟು: ನಾನು ಊರಿನ ಹೆಸರು ಹೇಳಿ ಕೈ ಚಾಚಿದೆ, ಈ ಮನುಷ್ಯ ಮೊಬೈಲ್ ನೋಡಿದ. ಅದನ್ನು ಜಂಬವೆನ್ನದೆ ಬೇರೆ ಏನೆನ್ನಬೇಕು, ನೀವೇ ಹೇಳಿ.

ನಿಮಗೆ ಮಾತು ಬಾರದು ಎಂಬ ನಿಮ್ಮ ತೀರ್ಮಾನವನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ. ನಿಮ್ಮಲ್ಲಿ ಪದಗಳ ಬಡತನವಿಲ್ಲ, ಗಮನ ತಪ್ಪು ಜಾಗದಲ್ಲಿದೆ. ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಇಬ್ಬರು ಮನೋವಿಜ್ಞಾನಿಗಳು 1995ರಲ್ಲಿ ಸಾಮಾಜಿಕ ಭೀತಿಯ ಬಗ್ಗೆ ಮಂಡಿಸಿದ ವಿವರಣೆ ಇಂದಿಗೂ ಚಿಕಿತ್ಸಕರ ಕೈಯಲ್ಲಿದೆ. ಭಯಪಡುವವನು ಜನರ ನಡುವೆ ಹೋದೊಡನೆ ಒಳಮುಖವಾಗುತ್ತಾನೆ, ತಾನು ಹೇಗೆ ಕಾಣುತ್ತಿದ್ದೇನೆ ಎಂಬ ಚಿತ್ರವನ್ನು ತನ್ನ ಎದೆಬಡಿತದಿಂದ, ಬೆವರಿನಿಂದ ಕಟ್ಟಿಕೊಳ್ಳುತ್ತಾನೆ, ಅದನ್ನೇ ಲೋಕ ಕಂಡ ಚಿತ್ರವೆಂದು ನಂಬುತ್ತಾನೆ. ಅವಮಾನದಿಂದ ಪಾರಾಗಲು ಸಣ್ಣ ಉಪಾಯಗಳನ್ನು ಹೂಡುತ್ತಾನೆ: ಚುಟುಕು ಉತ್ತರ, ಕಣ್ಣು ತಪ್ಪಿಸುವುದು, ವಾಕ್ಯವನ್ನು ಮನಸ್ಸಿನಲ್ಲೇ ನಾಲ್ಕು ಸಲ ಹೇಳಿ ನೋಡುವುದು. ಕಾಪಾಡಬೇಕಾದ ಈ ಉಪಾಯಗಳೇ ಅವನನ್ನು ಬಿಗುಮಾನದವನಂತೆ ಕಾಣಿಸುತ್ತವೆ. ಮನೆಗೆ ಬಂದ ಮೇಲೆ ನಡೆದದ್ದನ್ನೆಲ್ಲ ಮತ್ತೆ ವಿಚಾರಣೆಗೆ ತೆಗೆದುಕೊಳ್ಳುತ್ತಾನೆ. ಆ ನ್ಯಾಯಾಲಯದಲ್ಲಿ ಆರೋಪಿಯೂ ತಾನೇ, ನ್ಯಾಯಾಧೀಶನೂ ತಾನೇ. ವಕೀಲರು ಮಾತ್ರ ಇರುವುದಿಲ್ಲ. ನಿಮ್ಮ ಆರನೆಯ ಪುಟ ಇದೇ ಅಲ್ಲವೇ?

ಈಗ ಆ ಡಬ್ಬಿಯ ಮೇಜಿಗೆ ಮರಳಿ ಹೋಗೋಣ. ದಾವಣಗೆರೆಯವರು ನಿಮಗೆ ಒಂದು ಊರನ್ನೂ ಒಂದು ನಂಟನ್ನೂ ಕೊಟ್ಟರು. ಊರಿಗೆ ಹೋಗುವಾಗ ನೀವು ಇಳಿಯುವುದು ರಾಣೆಬೆನ್ನೂರಿನಲ್ಲಿ, ಅವರು ದಾವಣಗೆರೆಯಲ್ಲಿ. ಇಬ್ಬರದೂ ಹುಬ್ಬಳ್ಳಿ ದಾರಿಯ ಅದೇ ರೈಲು. 'ನೀವು ರೈಲಿಗೆ ಹೋಗುತ್ತೀರೋ ಬಸ್ಸಿಗೋ?' ಎಂದು ಕೇಳಬಹುದಿತ್ತು. ಎರಡೂ ಕಡೆ ಹೊಲದ ತುಂಬ ಮೆಕ್ಕೆಜೋಳ; 'ನಿಮ್ಮ ಕಡೆ ಮಳೆ ಹೇಗಿದೆ?' ಎನ್ನಬಹುದಿತ್ತು. ಇವು ಜಾಣ ಪ್ರಶ್ನೆಗಳಲ್ಲ, ಜಾಣವಾಗಿರಬೇಕಾಗಿಯೂ ಇಲ್ಲ. ಅವರು 'ಬಸ್ಸಿಗೆ ಹೋಗುತ್ತೇನೆ, ರೈಲಿನಲ್ಲಿ ಸೀಟು ಸಿಗುವುದಿಲ್ಲ' ಎಂದರೆ ಮುಂದಿನ ಪ್ರಶ್ನೆ ಅದರಲ್ಲೇ ಇದೆ. ಹೀಗೆ ಎದುರಿನವರ ಉತ್ತರದಿಂದಲೇ ಹುಟ್ಟುವ ಮರುಪ್ರಶ್ನೆ ಕೇಳುವವರನ್ನು ಜನ ಹೆಚ್ಚು ಮೆಚ್ಚುತ್ತಾರೆ ಎಂದು ಹಾರ್ವರ್ಡ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ನಮ್ಮ ಕಟ್ಟೆಯ ಮೇಲೆ ಕೂರುವ ಅಜ್ಜಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮರುಪ್ರಶ್ನೆ ಹುಟ್ಟಬೇಕಾದರೆ ಉತ್ತರ ಕೇಳಿಸಿಕೊಂಡಿರಬೇಕು. ಕೇಳಿಸಿಕೊಳ್ಳುವಷ್ಟು ಹೊತ್ತು ನಿಮ್ಮ ಧ್ವನಿ, ನಿಮ್ಮ ಬೆವರು, ನಿಮ್ಮ ರೊಟ್ಟಿ ನಿಮಗೆ ಮರೆತಿರುತ್ತದೆ.

ಸಭೆಯಲ್ಲಿ ನೀವು ತೊದಲಿದ್ದನ್ನು ಎಲ್ಲರೂ ಗಮನಿಸಿದರು ಎಂದು ಬರೆದಿದ್ದೀರಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು ಒಂದು ತಮಾಷೆಯ ಪ್ರಯೋಗ ಮಾಡಿದರು, 2000ದಲ್ಲಿ ಪ್ರಕಟವಾಯಿತು. ಹಾಕಿಕೊಳ್ಳಲು ಮುಜುಗರವಾಗುವಂಥ ಗಾಯಕನೊಬ್ಬನ ಚಿತ್ರವಿದ್ದ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಒಂದು ಕೋಣೆಯೊಳಗೆ ಕಳುಹಿಸಿದರು. ಕೋಣೆಯಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಅದು ಯಾರ ಚಿತ್ರವೆಂದು ಗುರುತಿಸಿರುತ್ತಾರೆ ಎಂದು ತೊಟ್ಟವರು ಅಂದಾಜು ಮಾಡಿದರು. ಗುರುತಿಸಿದ್ದು ಕಾಲು ಭಾಗದಷ್ಟು ಜನ. ಪ್ರತಿಯೊಬ್ಬರಿಗೂ ಅವರವರದೇ ಟೀ ಶರ್ಟಿನ ಚಿಂತೆ. 2018ರ ಇನ್ನೊಂದು ಅಧ್ಯಯನ ನಿಮ್ಮ ರಾತ್ರಿಯ ವಿಚಾರಣೆಗೆ ನೇರವಾಗಿ ಸಂಬಂಧಿಸಿದ್ದು. ಪರಿಚಯವಿಲ್ಲದ ಇಬ್ಬರನ್ನು ಮಾತಿಗೆ ಕೂರಿಸಿ ಆಮೇಲೆ ಬೇರೆ ಬೇರೆಯಾಗಿ ವಿಚಾರಿಸಿದಾಗ, ಎದುರಿನವರಿಗೆ ತಾವು ಎಷ್ಟು ಇಷ್ಟವಾದೆವು ಎಂಬುದನ್ನು ಜನ ಇದ್ದುದಕ್ಕಿಂತ ಕಡಿಮೆ ಎಂದೇ ಭಾವಿಸಿದ್ದರು. ನಿಮ್ಮ ತೀರ್ಪುಗಳ ಮೇಲೆ ಮೇಲ್ಮನವಿಗೆ ಅವಕಾಶವಿದೆ ಎಂದು ತಿಳಿಯಿರಿ.

ಇಂಗ್ಲಿಷಿನ ವಿಷಯ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು, ಸಭೆಯಲ್ಲಿ ವಾಕ್ಯ ಜೋಡಿಸಿ ಮುಗಿಸುವಷ್ಟರಲ್ಲಿ ಮಾತು ಬೇರೆಡೆಗೆ ಹೋಗಿರುತ್ತದೆ ಎಂದಿದ್ದೀರಿ. ಇದು ನಿಜವಾದ ತೊಡಕು, ಮನಸ್ಸಿನ ಭ್ರಮೆಯಲ್ಲ. ಇದನ್ನು ಸ್ವಭಾವದ ದೋಷವೆಂದು ನಿಮ್ಮ ತಲೆಗೆ ಕಟ್ಟಿದವರ ಮೇಲೆ ನನಗೆ ಸಿಟ್ಟಿದೆ. ಬೆಂಗಳೂರಿಗೆ ಬಂದ ಎಷ್ಟೋ ಹುಡುಗ ಹುಡುಗಿಯರು ಭಾಷೆಯ ಅಭ್ಯಾಸ ಸಾಲದ್ದನ್ನು ತಮ್ಮ ಯೋಗ್ಯತೆ ಸಾಲದ್ದು ಎಂದು ಓದಿಕೊಂಡು ಕುಗ್ಗುತ್ತಾರೆ. ಅವೆರಡನ್ನೂ ಬೇರೆ ಮಾಡಿ. ಇಂಗ್ಲಿಷ್ ದಿನಕ್ಕೆ ಅರ್ಧ ಗಂಟೆ ಜೋರಾಗಿ ಓದಿದರೆ ಬರುವ ವಿದ್ಯೆ, ಬರುತ್ತದೆ. ಅಲ್ಲಿಯವರೆಗೆ ಸಭೆಯಲ್ಲಿ ಮೊದಲ ಕೆಲವು ನಿಮಿಷದೊಳಗೆ ಒಂದು ಸಣ್ಣ ವಾಕ್ಯ ಆಡಿಬಿಡಿ, ಅದು 'ಈ ಅಂಕಿಗಳು ಯಾವ ತಿಂಗಳಿನವು?' ಎಂಬಷ್ಟೇ ಆಗಿದ್ದರೂ ಸರಿ. ಕಾದಷ್ಟೂ ನಿಮ್ಮ ಮೊದಲ ಮಾತಿನ ಭಾರ ಹೆಚ್ಚುತ್ತದೆ. ಊಟದ ಮೇಜಿನಲ್ಲಂತೂ ಇಂಗ್ಲಿಷಿನ ಹಂಗೇಕೆ? ದಾವಣಗೆರೆಯವರು ಕನ್ನಡದಲ್ಲೇ ಮಾತಿಗೆಳೆದಿದ್ದರಲ್ಲ.

ಗಾಂಧೀಜಿಯವರ ಸಂಕೋಚದ ಕಥೆ ನಿಮಗೆ ಗೊತ್ತಿರಬಹುದು, ಆದರೆ ಅದರ ಅರ್ಧವನ್ನಷ್ಟೇ ನಮ್ಮ ಭಾಷಣಕಾರರು ಹೇಳುತ್ತಾರೆ. ಲಂಡನ್ನಿನ ಸಸ್ಯಾಹಾರಿಗಳ ಸಂಘದಲ್ಲಿ ಬರೆದುಕೊಂಡು ಹೋದ ಭಾಷಣವನ್ನೂ ಓದಲಾಗಲಿಲ್ಲ, ಬೇರೆಯವರು ಓದಬೇಕಾಯಿತು. ಮುಂಬೈಯಲ್ಲಿ ತಮ್ಮ ಮೊದಲ ಮೊಕದ್ದಮೆಯಲ್ಲಿ ಪಾಟೀಸವಾಲಿಗೆ ಎದ್ದು ನಿಂತರೆ ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕುಳಿತುಬಿಟ್ಟರು, 30 ರೂಪಾಯಿ ಶುಲ್ಕ ಹಿಂದಕ್ಕೆ ಪಡೆಯಿರಿ ಎಂದು ಹೇಳಿ ಹೊರನಡೆದರು. 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದ ಮೇಲೆ ಪ್ರಿಟೋರಿಯಾದಲ್ಲಿ ಅಲ್ಲಿನ ಭಾರತೀಯರನ್ನು ಕೂಡಿಸಿ ಮಾತನಾಡಿದರು. ಅದೇ ತಮ್ಮ ಬದುಕಿನ ಮೊದಲ ಸಾರ್ವಜನಿಕ ಭಾಷಣವೆನ್ನಬಹುದು ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಈ ನಡುವೆ ಅವರು ಯಾವ ವಾಕ್ಚಾತುರ್ಯದ ತರಗತಿಗೂ ಹೋಗಿರಲಿಲ್ಲ. ಎದುರಿಗಿದ್ದವರು ಅವಮಾನ ಉಂಡ ವ್ಯಾಪಾರಿಗಳು. ಆಡಬೇಕಾದದ್ದು ವ್ಯಾಪಾರದಲ್ಲಿ ಸತ್ಯ, ಅಲ್ಲಿ ನಮ್ಮವರ ಪಾಡು. ತಾವು ಹೇಗೆ ಕಾಣುತ್ತೇವೆ ಎಂಬ ಪ್ರಶ್ನೆ ಹಿಂದೆ ಸರಿಯಿತು ಎಂದು ನನ್ನ ಊಹೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷ ಪೀಠದಲ್ಲಿ ಕುಳಿತವರು ಇವರೇ. ಆಗಲೂ ಅವರು ಅಬ್ಬರದ ಮಾತುಗಾರರೇನೂ ಆಗಿರಲಿಲ್ಲ. ತಮ್ಮ ಹಿಂಜರಿಕೆಯೇ ಮಾತಿನ ಮಿತವ್ಯಯ ಕಲಿಸಿತು ಎಂದವರು ಅವರು.

ಹಾಗಾಗಿ 'ಮಾತುಗಾರನಾಗಬೇಕು' ಎಂಬ ನಿಮ್ಮ ಬೇಡಿಕೆಯನ್ನು ನಾನು ತಿದ್ದುತ್ತೇನೆ. ನಿಮಗೆ ಬೇಕಾದದ್ದು ಊಟದ ಮೇಜಿನಲ್ಲಿ ಒಬ್ಬ ಗೆಳೆಯ, ಸಭೆಯಲ್ಲಿ ಒಂದು ವಾಕ್ಯ, ಫೋನ್ ಬಂದಾಗ ಎತ್ತುವ ಧೈರ್ಯ. ಸರ್ವಜ್ಞ ಹುಟ್ಟಿದ ತಾಲ್ಲೂಕಿನಲ್ಲಿ ಹುಟ್ಟಿ ಮೂಗನಾದೆಯಲ್ಲ ಎಂದು ಹಂಗಿಸುವ ನಿಮ್ಮ ಸೋದರಮಾವನಿಗೆ, ಆತ ಯಾವುದಕ್ಕೂ ಮೂರು ಸಾಲಿಗಿಂತ ಹೆಚ್ಚು ತೆಗೆದುಕೊಂಡವನಲ್ಲ ಎಂದು ನೆನಪಿಸಿ.

ನಿಮ್ಮಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಎಂಬುದನ್ನೂ ನಾನು ನಂಬುವುದಿಲ್ಲ. ಎರಡನೆಯ ಪುಟದಲ್ಲಿ ನಿಮ್ಮೂರ ಹಾಲಿನ ಡೇರಿಯ ಬೆಳಗನ್ನು ಬರೆದಿದ್ದೀರಿ: ಕ್ಯಾನು ಹಿಡಿದು ಸಾಲು ನಿಂತವರು, ಕೊಬ್ಬಿನ ಅಂಶ ಕಡಿಮೆ ಬಂದಾಗಲೆಲ್ಲ ಯಂತ್ರವನ್ನು ಬೈಯುವ ಅಪ್ಪ, ಹಾಲಿಗೆ ನೀರು ಬೆರೆಸಿ ಸಿಕ್ಕಿಬಿದ್ದರೂ ಎಲ್ಲರಿಗಿಂತ ಜೋರಾಗಿ ನಗುವ ಮುದುಕಿ. ಇಷ್ಟು ಕಂಡವನಿಗೆ ಸಾಮಗ್ರಿಯ ಕೊರತೆಯೇ? ಆತ್ಮವಿಶ್ವಾಸ ಮೊದಲು ಬರಲಿ, ಆಮೇಲೆ ಮಾತನಾಡುತ್ತೇನೆ ಎಂದು ಕಾಯುತ್ತಿದ್ದೀರಿ. ಅದು ಆ ಕ್ರಮದಲ್ಲಿ ಬರುವುದಿಲ್ಲ. ಅಳುಕುತ್ತಲೇ ಆಡಿದ ಮಾತುಗಳು ಅನಾಹುತವಾಗದೆ ಮುಗಿದಾಗ, ಅದು ಹಿಂದಿನಿಂದ ನಿಧಾನವಾಗಿ ಬರುತ್ತದೆ. ಹಾಗೆಯೇ ಮೇಲಧಿಕಾರಿ ನಿಮ್ಮ ಜಿಎಸ್‌ಟಿ ಲೆಕ್ಕವನ್ನು ಮೆಚ್ಚಿದಾಗ 'ಏನಿಲ್ಲ ಬಿಡಿ ಸರ್' ಎಂದಿರಂತೆ. ಮೆಚ್ಚಿದವರ ತೀರ್ಪನ್ನು ತಳ್ಳಿಹಾಕುವುದು ವಿನಯವಲ್ಲ. 'ಧನ್ಯವಾದ, ಆ ಎರಡು ಬಿಲ್ ಹುಡುಕಲು ಸಾಕಾಗಿ ಹೋಯಿತು' ಎಂದಿದ್ದರೆ ಅವರೂ ಯಾವ ಬಿಲ್ ಎಂದು ಕೇಳುತ್ತಿದ್ದರು.

ವ್ಯಕ್ತಿತ್ವ ವಿಕಸನದ ಶಿಬಿರಕ್ಕೆ ಹಣ ಕಟ್ಟಲೇ ಎಂದು ಕೇಳಿದ್ದೀರಿ. ಕನ್ನಡಿಯ ಮುಂದೆ ನಿಂತು 'ನಾನು ಗೆಲ್ಲುತ್ತೇನೆ' ಎಂದು ಕೂಗಿಸುವ ಶಿಬಿರವಾದರೆ ಬೇಡ. ನಿಮ್ಮ ತೊಂದರೆಯೇ ಕನ್ನಡಿಯಲ್ಲಿದೆ. (ಇಂಥ ಶಿಬಿರಗಳ ಜಾಹೀರಾತು ನಮ್ಮ ಪತ್ರಿಕೆಗೂ ಬರುತ್ತದೆ. ಜಾಹೀರಾತು ವಿಭಾಗದವರು ಈ ಸಾಲನ್ನು ಓದದಿರಲಿ.) ಒಂದು ಪೆಗ್ ಹಾಕಿದರೆ ನಾಲಿಗೆ ಸಡಿಲವಾಗುತ್ತದೆ ಎಂದ ರೂಮಿನ ಗೆಳೆಯನ ಸಲಹೆ ಇನ್ನೂ ಕೆಟ್ಟದ್ದು. ಅದು ಅಭ್ಯಾಸವಾದರೆ ಹೆದರಿಕೆಯೂ ಉಳಿಯುತ್ತದೆ, ಕುಡಿತವೂ ಸೇರುತ್ತದೆ.

ಒಂದು ವಿಷಯದಲ್ಲಿ ಮಾತ್ರ ನನ್ನ ಉತ್ತರ ಸಾಲದು. ಕಳೆದ ವರ್ಷ ಎರಡು ಸಂದರ್ಶನಗಳಿಗೆ ಹೊರಟು ಬಾಗಿಲಿನಿಂದಲೇ ಮರಳಿದೆ ಎಂದು ಕೊನೆಯಲ್ಲಿ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಸಂಕೋಚ ಸ್ವಭಾವ. ಆದರೆ ಆರು ತಿಂಗಳಿಗೂ ಹೆಚ್ಚು ಕಾಲ ಹೆದರಿಕೆ ಬಿಡದೆ ಕಾಡಿ, ಕೆಲಸ, ಓದು, ಸಂಬಂಧಗಳನ್ನೇ ತಪ್ಪಿಸುವಂತೆ ಮಾಡುತ್ತಿದ್ದರೆ ಅದನ್ನು ವೈದ್ಯರು ಸಾಮಾಜಿಕ ಆತಂಕದ ಕಾಯಿಲೆ ಎಂದು ಗುರುತಿಸಬಹುದು, ಅದಕ್ಕೆ ಪರಿಣಾಮಕಾರಿ ಚಿಕಿತ್ಸೆಯೂ ಇದೆ. ಆಲೋಚನೆ ಮತ್ತು ವರ್ತನೆಯನ್ನು ಹಂತಹಂತವಾಗಿ ತಿದ್ದುವ ಮಾತಿನ ಚಿಕಿತ್ಸೆ ಮೊದಲನೆಯದು, ಕೆಲವರಿಗೆ ಔಷಧಿಯೂ ಬೇಕಾಗುತ್ತದೆ. ಹೌದೋ ಅಲ್ಲವೋ ಎಂಬುದನ್ನು ಪತ್ರ ಓದಿ ಹೇಳುವ ಅಧಿಕಾರ ನನಗಿಲ್ಲ. ನೀವಿರುವುದು ನಿಮ್ಹಾನ್ಸ್ ಇರುವ ಊರಿನಲ್ಲಿ. ಅಷ್ಟು ದೂರ ಹೋಗಲು ಅಳುಕಾದರೆ 14416ಕ್ಕೆ ಕರೆ ಮಾಡಿ. 2022ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆ ಅದು. ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಫೋನಿಗೆ ಹೆದರುವವನಿಗೆ ಫೋನ್ ಮಾಡು ಎನ್ನುತ್ತಿದ್ದೇನೆ, ಗೊತ್ತಿದೆ. ಮೊದಲ ವಾಕ್ಯವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಓದಿ. ಆ ಕಡೆಯವರು ಇಂಥ ಮೌನಗಳನ್ನು ಬಹಳ ಕೇಳಿದ್ದಾರೆ.

ಇನ್ನು ಮುಂದಿನ ತಿಂಗಳ ನಿಮ್ಮ ತಂಗಿಯ ಮದುವೆ. ಬಂದವರನ್ನೆಲ್ಲ ಎದುರುಗೊಳ್ಳಬೇಕು, ಎಲ್ಲಿ ಅಡಗಲಿ ಎಂದು ಕೇಳಿದ್ದೀರಿ. ಅಡಗಬೇಡಿ, ಬಡಿಸುವ ಕೆಲಸ ಹಿಡಿಯಿರಿ. ಪಂಕ್ತಿಯಲ್ಲಿ ಬಡಿಸುವವನಿಗೆ ಆಡಬೇಕಾದ ಮಾತು ಮೊದಲೇ ಸಿದ್ಧವಿರುತ್ತದೆ, 'ಇನ್ನೊಂದು ಹಾಕಲೇ?' ಎಂದರೆ ಅವರು ಬೇಡವೆನ್ನುತ್ತಾರೆ, ನೀವು ಹಾಕುತ್ತೀರಿ, ಅವರು ಬೈಯುತ್ತಾರೆ, ಅಲ್ಲಿಗೆ ಪರಿಚಯವಾಯಿತು. ಎಲ್ಲರ ಕಣ್ಣೂ ಎಲೆಯ ಮೇಲೆ, ನಿಮ್ಮ ಮೇಲಲ್ಲ. ಕೈ ನಡುಗುತ್ತದೆ ಎಂದಿದ್ದೀರಲ್ಲ, ಮೊದಲ ಪಂಕ್ತಿಗೆ ಹಪ್ಪಳ ಹಿಡಿದು ಹೋಗಿ. ಎರಡನೆಯದಕ್ಕೆ ಹೋಳಿಗೆ. ಸಾರಿನ ಬಕೆಟ್ಟು ಮೂರನೆಯ ಪಂಕ್ತಿಗೆ ಇರಲಿ. ಸೋದರಮಾವ ಯಾವ ಪಂಕ್ತಿಯಲ್ಲಿ ಕೂರುತ್ತಾರೆ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಿ.

ಸಂಪಾದಕ