ಕಾಡು ಲಾವಂಚದ ಎಣ್ಣೆ ಒಳ್ಳೆಯದಾ, ಹೊಲದಲ್ಲಿ ಬೆಳೆದದ್ದಾ?

ನಿಮ್ಮದು ಅರ್ಧ ಎಕರೆ ಮರಳು ಮಣ್ಣು, ಲಾವಂಚ ಹಾಕುವ ಆಸೆ, ಎಣ್ಣೆಗೆ ಕಾಡಿನ ಬೇರೇ ಮೇಲಾ ಅನ್ನುವ ಅನುಮಾನ. ಹೊನ್ನಾವರದ ಹತ್ತಿರ ಎಣ್ಣೆ ಇಳಿಸುವ ಸಣ್ಣ ಭಟ್ಟಿ ಇಟ್ಟುಕೊಂಡಿದ್ದಾಗ ನಾನೂ ಹೀಗೇ ಇದ್ದೆ.

ಮನೆ ಹೊಲದ ಬೇರು ಕಿತ್ತು ಎಣ್ಣೆ ಇಳಿಸಿದೆ. ಹಸಿ ಆಲೂಗಡ್ಡೆ ಸಿಪ್ಪೆಯ ವಾಸನೆ! ಅದೇ ಹೊತ್ತಿಗೆ ಒಬ್ಬ ವ್ಯಾಪಾರಿ ಉತ್ತರ ಪ್ರದೇಶದ ಕಾಡು ಬೇರಿನ ಎಣ್ಣೆ ತಂದು ಮೂಗಿಗೆ ಹಿಡಿದ. ಗಾಢವಾದ, ಸಿಹಿ ಬೆರೆತ ಮಣ್ಣಿನ ಘಮ. "ಕಾಡಿನದ್ದು ಕಾಡಿನದ್ದೇ ಸಾರ್" ಅಂದ. ನಮ್ಮ ಬೆಳೆ ಅಲ್ಲಿಗೇ ಬಿಟ್ಟು, ಅವನಿಗೆ ಮುಂಗಡ ಕೊಟ್ಟು ಕಾಡು ಬೇರು ತರಿಸಿದೆ.

ಎಡವಿದ್ದು ಎಲ್ಲಿ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ನಾನು ಕಾಡನ್ನೂ ಹೊಲವನ್ನೂ ಹೋಲಿಸಿರಲೇ ಇಲ್ಲ. ಲಾವಂಚ ಕೀಳಬೇಕಾದದ್ದು 15ರಿಂದ 18 ತಿಂಗಳಿಗೆ. ನಾನು ವರ್ಷ ತುಂಬುವ ಮೊದಲೇ ಕಿತ್ತಿದ್ದೆ. ಎಳೇ ಬೇರಿನಲ್ಲಿ ಎಣ್ಣೆಯೂ ಕಡಿಮೆ, ಹಸಿ ವಾಸನೆಯೂ ಜಾಸ್ತಿ. ಇನ್ನು ಭಟ್ಟಿ. ಈ ಎಣ್ಣೆಯ ಘಮ ಇರುವುದೆಲ್ಲ ಭಾರದ ಭಾಗದಲ್ಲಿ, ಖುಸಿಮಾಲ್, ವೆಟಿವೋನ್ ಇತ್ಯಾದಿ ರಾಸಾಯನಿಕಗಳಲ್ಲಿ. ಅವು ಹಬೆಯ ಜೊತೆ ತುಂಬಾ ನಿಧಾನವಾಗಿ ಹೊರಬರುತ್ತವೆ. ನಿಂಬೆಹುಲ್ಲಿನ ಎಣ್ಣೆ ಮೂರು ನಾಲ್ಕು ಗಂಟೆಯಲ್ಲಿ ಇಳಿದುಬಿಡುತ್ತದೆ. ಲಾವಂಚಕ್ಕೆ 16-18 ಗಂಟೆ ಬೇಕು, ಕೆಲವರು ಪೂರ್ತಿ ಹಗಲು ರಾತ್ರಿ ಉರಿ ಹಾಕುತ್ತಾರೆ. ನಾನು ಸೌದೆ ಉಳಿಸಲು ಸಂಜೆಗೇ ಬೆಂಕಿ ಆರಿಸಿದೆ. ಒಳ್ಳೆಯ ಭಾಗವೆಲ್ಲ ಬೇರಿನಲ್ಲೇ ಉಳಿದು ಗೊಬ್ಬರದ ಗುಂಡಿ ಸೇರಿತು. ಸಾಲದ್ದಕ್ಕೆ, ಹೊಸ ಎಣ್ಣೆಯ ಹಸಿ ವಾಸನೆ ಕೆಲವು ತಿಂಗಳು ಇಟ್ಟರೆ ತಾನೇ ಇಳಿಯುತ್ತದೆ. ಆ ವ್ಯಾಪಾರಿಯ ಸೀಸೆ ಚೆನ್ನಾಗಿ ಹಳತಾಗಿತ್ತು, ನನ್ನದು ಆಗಷ್ಟೇ ಇಳಿಸಿದ್ದು. ಇಷ್ಟೆಲ್ಲ ವ್ಯತ್ಯಾಸ ಇಟ್ಟುಕೊಂಡು ಮೂಗನ್ನು ಕೇಳಿದರೆ ಅದು ಏನು ತಾನೇ ಹೇಳೀತು?

ಕಾಡು ಬೇರಿನ ಎಣ್ಣೆಯನ್ನು ನಿಯತ್ತಾಗಿ ಪೂರ್ತಿ ಹೊತ್ತು ಇಳಿಸಿ ಬೆಂಗಳೂರಿಗೆ ಕಳಿಸಿದೆ. ಕೊಳ್ಳುವವರು ಪರೀಕ್ಷೆ ಮಾಡಿಸಿ ವಾಪಸ್ ಕಳಿಸಿದರು. ಎಣ್ಣೆ ಕೆಟ್ಟಿರಲಿಲ್ಲ, ಅವರು ಕೇಳಿದ ಎಣ್ಣೆಯೇ ಅದಾಗಿರಲಿಲ್ಲ. ಉತ್ತರದ ಕಾಡು ಲಾವಂಚ ಹೂ ಬಿಟ್ಟು ಬೀಜ ಕಟ್ಟುತ್ತದೆ. ನಾವು ದಕ್ಷಿಣದಲ್ಲಿ ಹಿಳ್ಳು ನೆಟ್ಟು ಬೆಳೆಸುವ ತಳಿ ಬೀಜ ಕಟ್ಟುವುದಿಲ್ಲ. ಪ್ರಯೋಗಾಲಯದಲ್ಲಿ ಧ್ರುವೀಕರಿಸಿದ ಬೆಳಕು ಹಾಯಿಸಿದರೆ ಆ ಕಾಡು ಬೇರಿನ ಎಣ್ಣೆ ಬೆಳಕನ್ನು ಎಡಕ್ಕೆ ತಿರುಗಿಸುತ್ತದೆ, ನಮ್ಮದು ಬಲಕ್ಕೆ. ಒಳಗಿನ ಸರಕೂ ಬೇರೆ. ಉತ್ತರ ಪ್ರದೇಶದ ಕನೌಜಿನಲ್ಲಿ ಇಳಿಸುವ ರೂಹ್ ಖಸ್ ಎಂಬ ಸುಗಂಧ ಎಣ್ಣೆ‌ಗೆ ಆ ಕಾಡು ಬೇರೇ ಬೇಕು. ಹೈಟಿ, ಜಾವಾ ಎಣ್ಣೆಗೆ ಒಗ್ಗಿದವರಿಗೆ ನಮ್ಮ ದಕ್ಷಿಣದ ತಳಿಯೇ ಹತ್ತಿರ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಯಾವ ತಳಿ, ಎಷ್ಟು ತಿಂಗಳ ಬೇರು, ಎಷ್ಟು ಗಂಟೆ ಉರಿ ಅಂತ ಕೇಳಿ. ಈ ಮೂರನ್ನೂ ಹಿಡಿತದಲ್ಲಿ ಇಡಲು ಆಗುವುದು ಹೊಲದಲ್ಲಿ ಮಾತ್ರ. ಕಾಡು ಬೇರಿನ ಮೂಟೆಯಲ್ಲಿ ಎಳೆಯದು, ಮುದಿಯದು ಎಲ್ಲ ಕಲಸಿರುತ್ತದೆ. ಅದೂ ಅಲ್ಲದೆ ಹಳ್ಳದ ದಡದ ಮಣ್ಣು ಹಿಡಿದು ನಿಲ್ಲಿಸುವ ಹುಲ್ಲು ಅದು. ಬುಡಸಮೇತ ಅಗೆದರೆ ಮುಂದಿನ ಮಳೆಗೆ ದಡವೂ ಹೋಗುತ್ತದೆ. "ಕಾಡಿನದ್ದೇ ಶುದ್ಧ" ಅನ್ನುವ ಮಾತು ನನಗಂತೂ ಈಗ ಮಾರಾಟದ ಮಾತಾಗಿಯೇ ಕೇಳುತ್ತದೆ.

ಮೊದಲು ಕೊಳ್ಳುವವರನ್ನು ಹುಡುಕಿ, ಅವರಿಗೆ ಯಾವ ಬಗೆ ಬೇಕು ಅಂತ ತಿಳಿದುಕೊಳ್ಳಿ. ಹಿಳ್ಳಿಗೆ ಬೆಂಗಳೂರಿನ ಸಿಮ್ಯಾಪ್ (ಔಷಧಿ, ಸುಗಂಧ ಸಸ್ಯಗಳ ಸಂಶೋಧನಾ ಸಂಸ್ಥೆ) ಕೇಂದ್ರದಲ್ಲಿ ವಿಚಾರಿಸಿ. ಒಣ ಬೇರಿನಲ್ಲಿ ನೂರಕ್ಕೆ ಒಂದರ ಆಸುಪಾಸು ಎಣ್ಣೆ ಸಿಕ್ಕರೆ ಒಳ್ಳೆಯದೇ, ಹಾಗಾಗಿ ಅರ್ಧ ಎಕರೆಗೆ ಸ್ವಂತ ಭಟ್ಟಿ ಬೇಡವೇ ಬೇಡ. ಬಾಡಿಗೆ ಭಟ್ಟಿಯಲ್ಲಿ ಇಳಿಸಿ. ಸೌದೆ ಮಾತ್ರ ನೀವೇ ಕೊಡಿ, ಇಲ್ಲವಾದರೆ ಅವರೂ ಸಂಜೆಗೇ ಬೆಂಕಿ ಆರಿಸುತ್ತಾರೆ.