ಗುರುವಾರದ ಮನೆಕೂಟ ಮತ್ತು ಒಂದು ತಿಥಿಯ ಪ್ರಶ್ನೆ

ಸಂಬಂಧಪಟ್ಟವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಯಸ್ಸು, ಉದ್ಯೋಗ, ಊರುಗಳನ್ನು ಬದಲಿಸಿದ್ದೇನೆ. ಆಡಿದ ಮಾತಿನ ತಿರುಳನ್ನು ಬದಲಿಸಿಲ್ಲ.

ಬೆಂಗಳೂರಿನ ಉತ್ತರ ಭಾಗದ ಬಡಾವಣೆಯೊಂದರಲ್ಲಿರುವ, ಐವತ್ತರ ಸಮೀಪದ ಶಾಲಾ ಶಿಕ್ಷಕಿಯೊಬ್ಬರು ನನ್ನ ಬಳಿಗೆ ಬಂದದ್ದು ಎರಡು ತಿಂಗಳಿಂದ ಸರಿಯಾಗಿ ನಿದ್ರೆ ಬರುತ್ತಿಲ್ಲವೆಂದು. ವೈದ್ಯರು ಪರೀಕ್ಷೆ ಮಾಡಿಸಿ, ದೇಹದಲ್ಲಿ ಕಾರಣ ಕಾಣದೆ, ಆಪ್ತಸಲಹೆ ಪಡೆಯುವಂತೆ ಸೂಚಿಸಿದ್ದರು. ಮೊದಲ ಭೇಟಿಯ ಅರ್ಧ ಸಮಯ ಶಾಲೆಯ ಕೆಲಸದ ಒತ್ತಡದ ಮಾತಿನಲ್ಲಿ ಕಳೆಯಿತು. ಆಮೇಲೆ ಅವರು, ತಮ್ಮ ಮನೆಯಲ್ಲಿ ಪ್ರತಿ ಗುರುವಾರ ಸಂಜೆ ಸತ್ಯವೇದ (ಬೈಬಲ್) ಅಧ್ಯಯನ ನಡೆಯುತ್ತದೆಂದೂ, ಕ್ರೈಸ್ತ ನಂಬಿಕೆಯನ್ನು ಹೊಸದಾಗಿ ತಿಳಿಯಬಯಸುವ ನಾಲ್ವರು ಅದಕ್ಕೆ ಬರುತ್ತಿದ್ದರೆಂದೂ, ಅವರಲ್ಲಿ ಇಬ್ಬರು ಕಾರಣ ಹೇಳದೆ ಬರುವುದನ್ನು ನಿಲ್ಲಿಸಿಬಿಟ್ಟರೆಂದೂ ತಿಳಿಸಿದರು. ಸಭಾಪಾಲಕರು (ಪಾಸ್ಟರ್) ನಂಬಿ ಒಪ್ಪಿಸಿದ ಜನರನ್ನು ತಾನೇ ಓಡಿಸಿದೆನೆಂಬ ಭಾರ ಅವರ ಮೇಲೆ ಕುಳಿತಿತ್ತು.

ಬರುವುದನ್ನು ನಿಲ್ಲಿಸಿದವರಲ್ಲಿ ಒಬ್ಬ ತುಮಕೂರು ಕಡೆಯ ಯುವಕ. ನಗರದಲ್ಲಿ ಪೀಜಿಯಲ್ಲಿದ್ದುಕೊಂಡು ದುಡಿಯುತ್ತಿದ್ದವನು. ಅವನು ಕೊನೆಯ ಬಾರಿ ಬಂದ ಸಂಜೆ, ಪಾಠ ಮುಗಿದು ಕಾಫಿ ಕೊಡುವ ಹೊತ್ತಿಗೆ, ‘ಆಂಟಿ, ಮುಂದಿನ ತಿಂಗಳು ಅಪ್ಪನ ವರ್ಷದ ತಿಥಿ. ಎಡೆ ಇಡೋಕೆ ಬಾ ಅಂತ ಅಮ್ಮ ಕರೀತಿದ್ದಾರೆ. ನಾನು ಹೋಗಬಹುದಾ?’ ಎಂದು ಕೇಳಿದ್ದ. ಶಿಕ್ಷಕಿ ತಕ್ಷಣ ಪುಸ್ತಕ ತೆರೆದು, ಸತ್ತವರನ್ನು ಹೂಣಿಡುವ ಕೆಲಸವನ್ನು ಸತ್ತವರಿಗೇ ಬಿಡು ಎಂಬ ಅರ್ಥದ, ಲೂಕನ ಸುವಾರ್ತೆ 9ನೆಯ ಅಧ್ಯಾಯದ 60ನೆಯ ವಚನವನ್ನು ಓದಿದರು. ಆಮೇಲೆ ವಿಗ್ರಹಕ್ಕೆ ಅರ್ಪಿಸಿದ ಆಹಾರದ ಕುರಿತು ಆದಿಸಭೆಯ ಬೋಧಕ ಪೌಲನು ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆದದ್ದನ್ನು ಕಾಲು ಗಂಟೆ ವಿವರಿಸಿದರು. ಯುವಕ ಕಾಫಿ ಮುಗಿಸಿ, ಲೋಟವನ್ನು ತಾನೇ ಒಳಗಿಟ್ಟು ಹೋದ. ಮುಂದಿನ ಗುರುವಾರ ಬರಲಿಲ್ಲ.

ಎರಡನೆಯ ಭೇಟಿಗೆ, ಹಿಂದಿನ ಕೂಟದಲ್ಲಿ ಯಾರು ಎಷ್ಟು ಹೊತ್ತು ಮಾತಾಡಿದರೆಂದು ನೆನಪಿನಿಂದ ಬರೆದು ತರಲು ಹೇಳಿದ್ದೆ. 70 ನಿಮಿಷಗಳಲ್ಲಿ 55 ನಿಮಿಷ ಅವರೇ ಮಾತಾಡಿದ್ದರು. ಅದಕ್ಕಾಗಿ ಸಿದ್ಧಪಡಿಸಿದ ಹನ್ನೊಂದು ಪುಟಗಳ ಟಿಪ್ಪಣಿಯನ್ನೂ ತಂದಿದ್ದರು. ಇಷ್ಟು ಸಿದ್ಧತೆ ಏಕೆಂದು ಕೇಳಿದಾಗ, ‘ನನಗೆ ಗೊತ್ತಿಲ್ಲ ಅಂದ್ರೆ ಅವರ ನಂಬಿಕೆ ಅಲ್ಲಾಡುತ್ತೆ ಅಂತ ಭಯ ಮೇಡಂ’ ಎಂದರು. ಗಂಟೆ ಬಾರಿಸುವುದರೊಳಗೆ ಮಕ್ಕಳ ಪ್ರತಿ ಪ್ರಶ್ನೆಗೂ ಉತ್ತರ ಕೊಡಬೇಕಾದ ತರಗತಿಯಲ್ಲಿ ಇಪ್ಪತ್ತೈದು ವರ್ಷ ಕಳೆದವರಿಗೆ ಈ ಭಯ ಸಹಜ. ಆದರೆ ನಾನು ಕಂಡಂತೆ, ಇಂಥ ಕೂಟಗಳಿಗೆ ಹೊಸದಾಗಿ ಬರುವ ಹಲವರು ಬರುವುದು ಒಂದು ಸಾವಿನ, ಒಂದು ಕಾಯಿಲೆಯ ಅಥವಾ ದೊಡ್ಡ ಊರಿನ ಒಂಟಿತನದ ಬೆನ್ನಿಗೆ. ಅವರ ಪ್ರಶ್ನೆ ಬೋಧನೆಯ ಪ್ರಶ್ನೆಯಂತೆ ಕೇಳಿಸಿದರೂ ಅದರ ಬೇರು ಬೇರೆಡೆ ಇರುತ್ತದೆ.

ಆ ದಿನ ಯೋಹಾನನ ಸುವಾರ್ತೆ 11ನೆಯ ಅಧ್ಯಾಯದ 32ರಿಂದ 35ನೆಯ ವಚನಗಳನ್ನು ಮಾತ್ರ ನಿಧಾನವಾಗಿ ಓದಲು ಕೇಳಿಕೊಂಡೆ. ಲಾಜರನು ಸತ್ತಿದ್ದಾನೆ, ಅವನ ಸಹೋದರಿ ಮರಿಯಳು ಯೇಸುವಿನ ಪಾದಕ್ಕೆ ಬಿದ್ದು ಅಳುತ್ತಿದ್ದಾಳೆ. ಯೇಸು ಅತ್ತರೆಂಬುದನ್ನು ಶಿಕ್ಷಕಿ ಸಂಡೇ ಸ್ಕೂಲಿನ ದಿನಗಳಿಂದ ಬಾಯಿಪಾಠವಾಗಿ ಬಲ್ಲರು. ಅದಕ್ಕೆ ಮೊದಲು ಯೇಸು ಏನು ಹೇಳಿದರೆಂದು ಕೇಳಿದೆ. ಹೇಳಿದ್ದಲ್ಲ, ಕೇಳಿದ್ದು: ಅವನನ್ನು ಎಲ್ಲಿ ಇಟ್ಟಿದ್ದೀರಿ ಎಂದು. ಅವರು ಪುಟದ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ, ‘ಅವನ ಅಪ್ಪ ಹೇಗೆ ತೀರಿಕೊಂಡ್ರು ಅಂತ ನಾನು ಕೇಳಲೇ ಇಲ್ಲ’ ಎಂದರು. ಅವರ ನಿದ್ರೆಯನ್ನು ಕೆಡಿಸಿದ್ದು ಕೂಟಕ್ಕೆ ಬರುವವರ ಸಂಖ್ಯೆ ಇಳಿದದ್ದಲ್ಲವೆಂದು ನಮ್ಮಿಬ್ಬರಿಗೂ ಗೊತ್ತಾದದ್ದು ಆಗ.

ತಿಥಿಗೆ ಹೋಗಬಹುದೇ, ಎಡೆಯ ಊಟ ಉಣ್ಣಬಹುದೇ ಎಂಬುದಕ್ಕೆ ನಾನು ಉತ್ತರ ಕೊಡಲಿಲ್ಲ. ಎಲ್ಲ ಕ್ರೈಸ್ತ ಸಭೆಗಳ ನಿಲುವು ಒಂದೇ ಅಲ್ಲ, ಅದನ್ನು ಹೇಳುವ ಸ್ಥಾನವೂ ನನ್ನದಲ್ಲ. ಆದರೆ ದೇವರ ಹೆಸರು ಹೇಳಿಕೊಂಡು ತಂದೆತಾಯಿಗೆ ಸಲ್ಲಬೇಕಾದುದನ್ನು ತಪ್ಪಿಸುವವರನ್ನು ಯೇಸು ಗದರಿದ ಪ್ರಸಂಗ ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿದೆ ಎಂಬುದನ್ನೂ, ವಿಧವೆಯಾಗಿ ಮೊದಲ ವರ್ಷ ಕಳೆದ ತಾಯಿಯ ಪಕ್ಕದಲ್ಲಿ ಮಗನಿರುವುದು ಮತ್ತು ಎಡೆ ಇಡುವುದು ಎರಡು ಬೇರೆ ಪ್ರಶ್ನೆಗಳೆಂಬುದನ್ನೂ ಅವರ ಮುಂದಿಟ್ಟೆ. ನಿರ್ಧಾರ ಯುವಕನದು. ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ನಮ್ಮ ಸಂವಿಧಾನದ 25ನೆಯ ವಿಧಿ ಎಲ್ಲರಿಗೂ ಕೊಟ್ಟಿದೆ. ನಮ್ಮ ಹಜಾರದಲ್ಲಿ ಕುಳಿತ ಹೊಸಬನಿಗೂ ಅದು ಅಷ್ಟೇ ಸಲ್ಲುತ್ತದೆ.

ಕೂಟ ನಡೆಸುವ ಬಗೆಯ ಕುರಿತೂ ಮಾತಾಡಿದೆವು. ಅವರು ತಮ್ಮ ಸಭೆಯ ರೂಢಿಯಂತೆ ರೋಮಾಪುರದವರಿಗೆ ಬರೆದ ಪತ್ರಿಕೆಯಿಂದ ಆರಂಭಿಸಿದ್ದರು. ಅದು ಆಗಲೇ ನಂಬಿದವರಿಗೆ ಬರೆದ ಪತ್ರ. ಮಾರ್ಕನಾದರೋ ಹೊರಗಿನ ಓದುಗನನ್ನು ಮನಸ್ಸಿನಲ್ಲಿಟ್ಟುಕೊಂಡು, ಯೆಹೂದ್ಯರು ಊಟಕ್ಕೆ ಮೊದಲು ಕೈತೊಳೆಯುವ ಪದ್ಧತಿಯನ್ನು ನಿಂತು ವಿವರಿಸುತ್ತಾನೆ, ‘ತಲಿಥಾ ಕೂಮ್’ ಎಂಬ ಅರಾಮಿಕ್ ಮಾತಿನ ಅರ್ಥವನ್ನು ಅಲ್ಲೇ ಬಿಡಿಸಿ ಹೇಳುತ್ತಾನೆ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಎಲ್ಲರಿಗೂ ಒಂದೇ ಮುದ್ರಣದ ಪ್ರತಿ ಕೊಟ್ಟು ಪುಟಸಂಖ್ಯೆ ಹೇಳುವುದು ಒಳ್ಳೆಯದೆಂದೆ. ಅಧ್ಯಾಯಗಳ ವಿಂಗಡಣೆ 13ನೆಯ ಶತಮಾನದ್ದು, ವಚನಗಳ ಸಂಖ್ಯೆ 16ನೆಯ ಶತಮಾನದ್ದು, ಆದ್ದರಿಂದ ಅದನ್ನು ಹುಡುಕಲು ಬಾರದವನು ನಾಚಿಕೊಳ್ಳಬೇಕಾಗಿಲ್ಲ. ‘ಕೃಪೆ’, ‘ರಕ್ಷಣೆ’, ‘ಸಾಕ್ಷಿ’ ಎಂಬ ಪದಗಳು ಸಭೆಯೊಳಗೆ ಬೆಳೆದವರಿಗೆ ಮನೆಮಾತು. ಹೊರಗಿನಿಂದ ಬಂದವನಿಗೆ ಸಾಕ್ಷಿ ಎಂದರೆ ಕೋರ್ಟು. ಒಂದು ಭಾಗ ಓದಿ, ಎರಡು ಮೂರು ಪ್ರಶ್ನೆ ಕೇಳಿ, ಆಮೇಲೆ ಬರುವ ಮೌನವನ್ನು ತುಂಬಲು ಹೋಗದೆ ಕಾಯಬೇಕು. ಇದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಯಾರನ್ನೂ ಗಟ್ಟಿಯಾಗಿ ಪ್ರಾರ್ಥಿಸಲು ಒತ್ತಾಯಿಸಬಾರದು, ಮನೆಯವರಿಗೆ ಮುಚ್ಚಿಟ್ಟು ಬಾ ಎನ್ನಬಾರದು, ದೀಕ್ಷಾಸ್ನಾನದ ಮಾತನ್ನು ನಾವಾಗಿ ಎತ್ತಬಾರದು, ಪ್ರಾರ್ಥನೆಯ ನಂಬಿಕೆಯಲ್ಲಿ ವೈದ್ಯರ ಮಾತ್ರೆ ನಿಲ್ಲಿಸಲು ಯಾರನ್ನೂ ಬಿಡಬಾರದು ಎಂಬುದರಲ್ಲಿ ಅವರಿಗೆ ನನ್ನೊಂದಿಗೆ ಭಿನ್ನಾಭಿಪ್ರಾಯವಿರಲಿಲ್ಲ.

ಯುವಕನಿಗೆ ಕಳುಹಿಸುವ ಸಂದೇಶವನ್ನು ಅವರು ಮೂರು ಬಾರಿ ಬರೆದರು. ಮೊದಲನೆಯದರಲ್ಲಿ ಒಂದು ವಚನವೂ ಮುಂದಿನ ಗುರುವಾರಕ್ಕೆ ಆಹ್ವಾನವೂ ಇತ್ತು. ಎರಡನ್ನೂ ತೆಗೆಯುವಂತೆ ಸೂಚಿಸಿದೆ, ಏಕೆಂದರೆ ಬೇಡಿಕೆ ಸೇರಿದ ಕ್ಷಮಾಪಣೆ ಅದನ್ನು ಪಡೆಯುವವನ ಮೇಲೆ ಸಾಲವಾಗುತ್ತದೆ. ಕೊನೆಗೆ ಹೋದದ್ದು ಇಷ್ಟು: ‘ಆ ದಿನ ನಿಮ್ಮ ತಂದೆಯವರ ಬಗ್ಗೆ ನಾನು ಒಂದು ಮಾತೂ ಕೇಳಲಿಲ್ಲ. ಅದು ನನ್ನ ತಪ್ಪು. ಕ್ಷಮಿಸು.’

ಒಂಬತ್ತು ದಿನ ಉತ್ತರ ಬರಲಿಲ್ಲ. ಆಮೇಲೆ ಒಂದು ಭಾನುವಾರ ಸಂಜೆ ಅವನೇ ಮನೆಗೆ ಬಂದು ಅಪ್ಪನ ತೆಂಗಿನ ತೋಟದ ಬಗ್ಗೆ, ಆಸ್ಪತ್ರೆಯ ಕೊನೆಯ ರಾತ್ರಿಯ ಬಗ್ಗೆ ಒಂದು ಗಂಟೆಗೂ ಹೆಚ್ಚು ಮಾತಾಡಿದನಂತೆ. ತಿಥಿಗೆ ಹೋಗಿಬಂದಿದ್ದ. ಅಲ್ಲಿ ಏನು ಮಾಡಿದನೆಂದು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಗುರುವಾರದ ಕೂಟಕ್ಕೆ ಅವನು ಇನ್ನೂ ಮರಳಿಲ್ಲ. ಮಾರ್ಕನ ಸುವಾರ್ತೆಯ ಒಂದು ಪ್ರತಿಯನ್ನು ಕೇಳಿ ತೆಗೆದುಕೊಂಡು ಹೋಗಿದ್ದಾನೆ.

ಶಿಕ್ಷಕಿಯ ನಿದ್ರೆ ಸುಧಾರಿಸಿದೆ, ಪೂರ್ತಿಯಾಗಿ ಅಲ್ಲ. ಕೂಟ ಬಿಟ್ಟ ಇನ್ನೊಬ್ಬ ಮಹಿಳೆಗೆ ತಾವು ಏನು ಹೇಳಿದ್ದಿರಬಹುದೆಂದು ಅವರಿಗೆ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಆಕೆಯನ್ನು ಕಾಣಲು ಹೋಗಬೇಕೇ, ಹೋದರೆ ಏನು ಕೇಳಬೇಕು ಎಂಬುದನ್ನು ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೇವೆ.