‘ಸ್ಟೇಕ್ ಎ ಕ್ಲೇಮ್’ ಅಂದ್ರೆ ಗೂಟ ಹೊಡೆಯುವುದಾ, ಟವೆಲ್ ಹಾಕುವುದಾ?

ಸರ್ಕಾರ ರಚನೆಯ ಸುದ್ದಿಯಲ್ಲಿ ‘ಸ್ಟೇಕ್ ಎ ಕ್ಲೇಮ್’ ಅಂತ ಓದಿದಿರಿ, ‘ಸ್ಟೇಕ್ ಅಂದ್ರೆ ಪಣ ಅಲ್ವಾ, ಇಲ್ಲಿ ಯಾರು ಏನನ್ನು ಪಣಕ್ಕಿಟ್ಟರು?’ ಅಂತ ಕೇಳಿದ್ದೀರಿ. ತುಂಬಾ ದಿನ ನಾನೂ ಹಾಗೇ ಅಂದುಕೊಂಡಿದ್ದೆ.

ಯಾರೂ ಏನನ್ನೂ ಪಣಕ್ಕಿಟ್ಟಿಲ್ಲ. ಈ ಸ್ಟೇಕ್ ಅಂದ್ರೆ ಗೂಟ. ತುದಿ ಚೂಪು ಮಾಡಿ ನೆಲಕ್ಕೆ ಹೊಡೆಯುವ ಮರದ ಗೂಟ.

1848ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕೊಲೊಮಾದಲ್ಲಿ ಮರ ಕೊಯ್ಯುವ ಮಿಲ್ಲಿನ ಕಾಲುವೆಯಲ್ಲಿ ಜೇಮ್ಸ್ ಮಾರ್ಷಲ್ ಎಂಬವನಿಗೆ ಚಿನ್ನದ ಚೂರು ಸಿಕ್ಕಿತು. ಮುಂದಿನ ವರ್ಷ ಎಲ್ಲೆಲ್ಲಿಂದಲೋ ಜನ ಮುಗಿಬಿದ್ದರು. ಯಾರ ಜಾಗ ಯಾವುದು ಅನ್ನುವುದಕ್ಕೆ ಗಟ್ಟಿ ಕಾನೂನು ಇರಲಿಲ್ಲ. ಒಂದೊಂದು ಕ್ಯಾಂಪಿನವರೂ ತಮ್ಮದೇ ನಿಯಮ ಮಾಡಿಕೊಂಡರು. ಮೂಲೆಗೊಂದು ಗೂಟ ಹೊಡೆದರೆ ಆ ತುಂಡು ನೆಲ ನಿನ್ನದು. ಅದಕ್ಕೇ ಕ್ಲೇಮ್ ಅಂತ ಹೆಸರು. ಆದರೆ ಅಗೆಯುತ್ತಾ ಇರಬೇಕು. ಬಿಟ್ಟು ಹೋದರೆ ಬೇರೆಯವನು ಬಂದು ಇಳಿಯುತ್ತಿದ್ದ. ಕೆಲವು ಕಡೆ ಗುದ್ದಲಿ, ಸಲಿಕೆ ಗುಂಡಿಯಲ್ಲೇ ಇಟ್ಟು ಹೋದರೂ ಸಾಕಿತ್ತು, ‘ಇಲ್ಲಿ ಜನ ಇದ್ದಾರೆ’ ಅಂತ ಅರ್ಥ. 1872ರಲ್ಲಿ ಅಮೆರಿಕ ಸರ್ಕಾರ ಗಣಿ ಕಾನೂನು ತಂದಾಗಲೂ ಷರತ್ತು ಹೋಗಲಿಲ್ಲ. ವರ್ಷಕ್ಕೆ ಕಡಿಮೆ ಅಂದ್ರೂ 100 ಡಾಲರ್ ಬೆಲೆಯ ಕೆಲಸ ಅಲ್ಲಿ ಆಗಿರಬೇಕಿತ್ತು.

ಗುದ್ದಲಿ ವಿಷಯ ಓದಿದಾಗ ನನಗೆ ನೆನಪಾಗಿದ್ದು ಮೆಜೆಸ್ಟಿಕ್. ಗೌರಿ ಹಬ್ಬದ ಹಿಂದಿನ ರಾತ್ರಿ, ಹಾಸನದ ಬಸ್ಸು, ಬಾಗಿಲಲ್ಲಿ ನೂಕುನುಗ್ಗಲು. ಕಿಟಕಿಯಿಂದ ಕೈ ಹಾಕಿ ಸೀಟಿಗೆ ಕರ್ಚೀಫ್ ಎಸೆದೆ. ಹತ್ತಿ ನೋಡಿದರೆ ಅಲ್ಲೊಬ್ಬರು ಅಜ್ಜಿ. ಕರ್ಚೀಫನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದರು. ‘ತಗೋ ಮಗಾ, ಯಾರದೋ ಬಿದ್ದೋಗಿತ್ತು’ ಅಂದರು. ಚನ್ನರಾಯಪಟ್ಟಣದವರೆಗೂ ನಿಂತೇ ಹೋದೆ. ಅಜ್ಜಿ ಮಾಡಿದ್ದಕ್ಕೆ ಗಣಿಯವರ ಮಾತಿನಲ್ಲಿ ಕ್ಲೇಮ್ ಜಂಪಿಂಗ್ ಅಂತಾರೆ.

ಅಂದ್ರೆ ಈ ನುಡಿಗಟ್ಟಿಗೆ ‘ಪಡೆದುಕೊಂಡ’ ಅನ್ನುವ ಅರ್ಥ ಇಲ್ಲ. ‘ಇದು ನನಗೆ ಸೇರಬೇಕು’ ಅಂತ ನಾಲ್ಕು ಜನರ ಮುಂದೆ ಹೇಳುವುದು ಅಷ್ಟೇ. 2018ರ ಮೇ ತಿಂಗಳು ನೆನಪಿದೆಯಾ? ಯಾರಿಗೂ ಬಹುಮತ ಬರಲಿಲ್ಲ. 104 ಸ್ಥಾನ ಗೆದ್ದ ಬಿಜೆಪಿಯೂ ಹಕ್ಕು ಮಂಡಿಸಿತು, ಕಾಂಗ್ರೆಸ್–ಜೆಡಿಎಸ್ ಮೈತ್ರಿಯೂ ಮಂಡಿಸಿತು. ಒಂದೇ ನೆಲಕ್ಕೆ ಎರಡು ಕಡೆಯವರ ಗೂಟ. 17ಕ್ಕೆ ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡರು, 19ಕ್ಕೆ ರಾಜೀನಾಮೆ ಕೊಟ್ಟರು. 23ಕ್ಕೆ ಕುಮಾರಸ್ವಾಮಿ ಬಂದರು.

ಕನ್ನಡದಲ್ಲಿ ಪೇಪರ್ ಭಾಷೆಗೆ ‘ಹಕ್ಕು ಮಂಡಿಸು’ ಸರಿ. ಮಾತಿನಲ್ಲಿ ‘ಟವೆಲ್ ಹಾಕು’ ಅನ್ನುವುದಕ್ಕಿಂತ ಹತ್ತಿರದ್ದು ನನಗಂತೂ ಗೊತ್ತಿಲ್ಲ. ಸಿಎಂ ಕುರ್ಚಿಗೆ ಯಾರ್ಯಾರು ಟವೆಲ್ ಹಾಕಿದ್ದಾರೆ ಅಂತ ದಿನಾ ಕೇಳ್ತೀವಲ್ಲ. ‘ಗೂಟ ಹೊಡ್ಕೊಂಡು ಕೂರೋದು’ ಮಾತ್ರ ಬಳಸಬೇಡಿ. ಗೂಟ ಅದೇ ಆದರೂ ಅರ್ಥ ಬೇರೆ, ಜಾಗ ಬಿಟ್ಟು ಕದಲದೇ ಇರುವುದು ಅಂತ. ಇನ್ನು ಗೂಟದ ಕಾರು ಇದೆಯಲ್ಲ, ಅದು ಹಕ್ಕು ಮಂಡಿಸಿ ಗೆದ್ದಮೇಲೆ ಸಿಗುವುದು!

ಬಳಸುವಾಗ: ವಸ್ತು, ಜಾಗ, ಪದವಿಯ ಮುಂದೆ ಸಾಮಾನ್ಯವಾಗಿ ‘ಟು’ ಬರುತ್ತದೆ. ಹೊಸ ಬೌಲರ್ ಐದು ವಿಕೆಟ್ ಕಿತ್ತು ತಂಡದಲ್ಲಿ ಜಾಗ ಕೇಳುವಂತಾದರೆ ‘ಫಾರ್’ ಕೂಡ ನಡೆಯುತ್ತದೆ. ನಮ್ಮ ಇಂಗ್ಲಿಷ್ ಪೇಪರ್‌ಗಳು ನಡುವಿನ ‘ಎ’ ಬಿಟ್ಟು ‘ಸ್ಟೇಕ್ ಕ್ಲೇಮ್’ ಅಂತಲೇ ಬರೆಯುವುದು ಜಾಸ್ತಿ. ಪರೀಕ್ಷೆಗೆ ಓದುತ್ತಿದ್ದರೆ ‘ಎ’ ಸೇರಿಸಿಯೇ ಬರೆಯಿರಿ.

ಸ್ಪೆಲಿಂಗ್ ಬಗ್ಗೆಯೂ ಹುಷಾರು. ಎಸ್-ಟಿ-ಎ-ಕೆ-ಇ. ಅದೇ ಸದ್ದಿನ ಇನ್ನೊಂದು ಸ್ಟೇಕ್ ಇದೆ, ಮಾಂಸದ ತುಂಡು. ನಾನು ಒಮ್ಮೆ ಅದನ್ನೇ ಬರೆದು ಇಡೀ ಟೀಮಿಗೆ ಮೇಲ್ ಕಳಿಸಿದ್ದೆ. ಊಟಕ್ಕೆ ಎಷ್ಟು ಗಂಟೆಗೆ ಬರಬೇಕು ಅಂತ ಮೂರು ಜನ ಉತ್ತರ ಬರೆದರು.